ಗಿರಣಿಯಣ್ಣನ ಎದೆಗೆ ಕಿವಿಯಿಟ್ಟವರು

ಗಿರಣಿಯಣ್ಣನಿಗೆ ಗಿರಣಿ ಇರಲಿಲ್ಲ. ಊರಿಗೆ ಹೊಸದಾಗಿ ಬಂದವರು ಯಾರದೋ ಮಾತು ಕೇಳಿಕೊಂಡು ಗೋಧಿಯ ಚೀಲ ಹೊತ್ತು ಅವನ ಅಂಗಡಿಯ ಬಾಗಿಲಿಗೆ ಬರುತ್ತಿದ್ದರು. ಒಳಗೆ ಎರಡು ತಿರುಗುವ ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ನೆಲದ ಮೇಲೆ ಕೂದಲು ಕಂಡು ಕಕ್ಕಾಬಿಕ್ಕಿಯಾಗುತ್ತಿದ್ದರು. ಅವನು ಕತ್ತರಿ ನಿಲ್ಲಿಸದೆ, ಇಲ್ಲಿ ಹಿಟ್ಟು ಬೀಸುವುದಿಲ್ಲ, ತಲೆ ಬೋಳಿಸುತ್ತೇವೆ, ಅದೂ ಹೇಳಿ ಕೇಳಿಯೇ ಬೋಳಿಸುತ್ತೇವೆ ಎನ್ನುತ್ತಿದ್ದ. ಬೆಂಚಿನ ಮೇಲೆ ಕೂತ ನಾವೆಲ್ಲ ನಗುತ್ತಿದ್ದೆವು. ನಾನು ಆಗ ಎದುರಿನ ಬಸ್ ಡಿಪೋದಲ್ಲಿ ಕಂಡಕ್ಟರ್. ಡ್ಯೂಟಿ ಮುಗಿದ ಮೇಲೆ ಆ ಬೆಂಚೇ ನನಗೆ ಇನ್ನೊಂದು ಮನೆ. ಅವನ ಬದುಕನ್ನು ನಾನು ನೋಡಿದ್ದು ಹೆಚ್ಚಾಗಿ ಆ ಕನ್ನಡಿಯಲ್ಲಿಯೇ.

ಗಿರಣಿ ಇದ್ದದ್ದು ಅವನ ಎದೆಯೊಳಗೆ. ಹತ್ತನೇ ವಯಸ್ಸಿನಲ್ಲಿ ಗಂಟಲು ನೋವು ಬಂದು ಜ್ವರವಾಯಿತಂತೆ. ಜ್ವರ ಇಳಿದ ಕೆಲವು ವಾರಕ್ಕೆ ಮಂಡಿ ಊದಿತು. ಮಂಡಿ ಇಳಿಯಿತು ಅನ್ನುವಷ್ಟರಲ್ಲಿ ಮೊಣಕೈ, ಅದು ಇಳಿದರೆ ಕಾಲಿನ ಗಿಣ್ಣು. ನೋವು ಮನೆ ಬದಲಾಯಿಸುವ ಬಾಡಿಗೆದಾರನ ಹಾಗೆ ಮೈಯೆಲ್ಲ ಸುತ್ತಿ ಒಂದು ದಿನ ಹೊರಟುಹೋಯಿತು. ಆಗ ಊರಿಗೆ ವಾರಕ್ಕೊಮ್ಮೆ ವ್ಯಾನಿನಲ್ಲಿ ಬಂದುಹೋಗುವ ಡಾಕ್ಟರೊಬ್ಬರಿದ್ದರು. ಅವರು ಹುಡುಗನ ಎದೆಗೆ ಸ್ಟೆತಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿ, ಅಪ್ಪನನ್ನು ಪಕ್ಕಕ್ಕೆ ಕರೆದು, ಹೃದಯದೊಳಗಿನ ಬಾಗಿಲೊಂದು ಕೆಟ್ಟಿದೆ, ಓಡಲು ಬಿಡಬೇಡಿ, ಭಾರ ಹೊರಿಸಬೇಡಿ, ನಲವತ್ತು ದಾಟುವುದು ಕಷ್ಟ ಎಂದರು. ಪಕ್ಕಕ್ಕೆ ಎಂದರೆ ವ್ಯಾನಿನ ಆ ಬದಿಗೆ, ಅಷ್ಟೆ. ಹುಡುಗನಿಗೆ ಎಲ್ಲವೂ ಕೇಳಿಸಿತ್ತು. ಮುಂದಿನ ತಿಂಗಳು ಆ ಡಾಕ್ಟರಿಗೆ ವರ್ಗವಾಯಿತು, ವ್ಯಾನೂ ನಿಂತುಹೋಯಿತು. ಅವರು ಆಡಿದ ಮಾತು ಮಾತ್ರ ಇವನ ಮನೆಯಲ್ಲೇ ಉಳಿಯಿತು.

ಶಾಲೆಯಲ್ಲಿ ಹುಡುಗರು ಬಿಡುವಿನ ಹೊತ್ತಿನಲ್ಲಿ ಸಾಲಾಗಿ ನಿಂತು ಅವನ ಅಂಗಿಯೊಳಗೆ ಕಿವಿ ತೂರಿಸುತ್ತಿದ್ದರು. ಒಳಗೆ ಗುರ್ರ್ ಅನ್ನುತ್ತದೆ, ಕಲ್ಲು ತಿರುಗುತ್ತದೆ ಎಂದು ಒಬ್ಬ ಅಂದ. ಅಲ್ಲಿಂದ ಅವನು ಗಿರಣಿ. ಮೀಸೆ ಬಂದ ಮೇಲೆ ಗಿರಣಿಯಣ್ಣ. ಅಪ್ಪನ ಅಂಗಡಿಯಲ್ಲಿ ನಿಂತು ಕಸುಬು ಕಲಿತ. ಭಾರ ಹೊರುವ ಕೆಲಸವಲ್ಲವಲ್ಲ. ಕೈ ಬಹಳ ಹಗುರ. ಅವನು ಕ್ಷೌರ ಮಾಡುವಾಗ ನಿದ್ದೆ ಹೋಗದ ಡ್ರೈವರನ್ನು ನಾನು ಕಂಡಿಲ್ಲ.

ಮದುವೆಯ ಮಾತು ಮೂರು ಸಲ ಕೂಡಿಬಂದು ಮೂರು ಸಲವೂ ಮುರಿಯಿತು. ಎದೆಯ ಸುದ್ದಿ ಹೆಣ್ಣಿನ ಮನೆಯವರಿಗೆ ಇವನೇ ಹೇಳುತ್ತಿದ್ದ. ಮುಚ್ಚಿಡು ಎಂದು ಅಪ್ಪ ಗದರಿದರೂ ಕೇಳಲಿಲ್ಲ. ಮೂವತ್ತಮೂರಕ್ಕೆ ನಾಲ್ಕನೆಯದು ಬಂತು. ಸರ್ಕಾರಿ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲ ಹೊಲಿಯುತ್ತಿದ್ದವಳು. ಮಾತು ಕಡಿಮೆ. ಇವನು ತನ್ನ ಕಥೆಯನ್ನೆಲ್ಲ ಹೇಳಿ, ಮಕ್ಕಳು ಬೇಡ, ನಡುವೆ ಬಿಟ್ಟುಹೋಗುವ ಅಪ್ಪ ನಾನಾಗಲಾರೆ ಎಂದ. ಅವಳು ಒಂದು ವಾರ ಯೋಚಿಸಿ ಒಪ್ಪಿದಳು. ಮದುವೆಯಾದ ಹೊಸತರಲ್ಲಿ ಅವನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ ಹೇಳಿದಳಂತೆ: "ನನ್ನ ಮೆಷಿನ್ನೂ ಹೀಗೇ ಸದ್ದು ಮಾಡುತ್ತೆ. ಆದ್ರೂ ಹೊಲಿಗೆ ತಪ್ಪಿಲ್ಲ."

ನಲವತ್ತು ಬಂತು, ಹೋಯಿತು. ಆ ವರ್ಷವೆಲ್ಲ ಅವನು ಒಂದು ಹೊಸ ಅಂಗಿಯನ್ನೂ ಹೊಲಿಸಲಿಲ್ಲ. ನಲವತ್ತೊಂದಕ್ಕೆ ಬಿದ್ದ ದಿನ ಕನ್ನಡಿಯಲ್ಲಿ ನನ್ನನ್ನು ನೋಡಿ, ಇನ್ನು ಮುಂದಿನದೆಲ್ಲ ಓವರ್‌ಟೈಮ್ ಕಂಡಕ್ಟ್ರೇ ಎಂದು ನಕ್ಕ.

ನಮ್ಮ ಕಡೆಯವರ ಪಾಡನ್ನು ಇಲ್ಲಿ ಸ್ವಲ್ಪ ಹೇಳಬೇಕು. ಊರಲ್ಲಿ ಆಸ್ಪತ್ರೆ ಇತ್ತು. ಡಾಕ್ಟರು ಬರುತ್ತಿದ್ದರು, ಸಾಮಾನು ಬಿಚ್ಚುವ ಮೊದಲೇ ವರ್ಗ ಮಾಡಿಸಿಕೊಳ್ಳುತ್ತಿದ್ದರು. ಸ್ವಲ್ಪ ಕೈ ಮೀರಿದ ಕಾಯಿಲೆಯೆಂದರೆ ದೊಡ್ಡ ಊರಿಗೆ ಆರು ಗಂಟೆಯ ದಾರಿ, ನನ್ನ ಬಸ್ಸಿನಲ್ಲೇ. ಹಿಂದಿನ ಉದ್ದನೆಯ ಸೀಟನ್ನು ನಾನು ಯಾರಿಗೂ ಟಿಕೆಟ್ ಹರಿಯದೆ ಖಾಲಿ ಇಟ್ಟಿರುತ್ತಿದ್ದೆ. ಅಲ್ಲಿ ಮಲಗಿಕೊಂಡು ಹೋದವರಲ್ಲಿ ಎಲ್ಲರೂ ಕೂತುಕೊಂಡು ವಾಪಸು ಬರಲಿಲ್ಲ. ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದವನಿಗೆ ಆ ಸೀಟಿನ ವಿಷಯ ಹೆಚ್ಚು ಮಾತಾಡಲು ಬಾಯಿ ಬರುವುದಿಲ್ಲ.

ಹೀಗಿರುವಾಗ ನಮ್ಮ ಡಿಪೋ ಊರ ಹೊರಗಿನ ದೊಡ್ಡ ಜಾಗಕ್ಕೆ ಹೋಯಿತು. ಗಿರಣಿಯಣ್ಣನ ಬೆಂಚು ಬಿಕೋ ಎಂದಿತು. ಖಾಲಿ ಶೆಡ್ಡುಗಳಲ್ಲಿ ಪಾರಿವಾಳ ಗೂಡು ಕಟ್ಟುವಷ್ಟರಲ್ಲಿ ಸುದ್ದಿ ಬಂತು: ವಿಶ್ವವಿದ್ಯಾಲಯದವರು ಇಲ್ಲಿ ವೈದ್ಯಕೀಯ ಕಾಲೇಜು ತೆರೆಯುತ್ತಾರಂತೆ. ಹೊಸ ಕಟ್ಟಡ ಏಳುವವರೆಗೆ ಪಾಠವೆಲ್ಲ ಡಿಪೋದ ಶೆಡ್ಡಿನಲ್ಲೇ. ಅರ್ಧ ಸೀಟು ಈ ಸುತ್ತಿನ ಊರುಗಳ ಮಕ್ಕಳಿಗೆ. ಓದಿದ ಮೇಲೆ ಅವರು ಕೆಲವು ವರ್ಷವಾದರೂ ಇಲ್ಲೇ ಕೆಲಸ ಮಾಡಬೇಕು. ನಾವು ಯಾರೂ ನಂಬಲಿಲ್ಲ. ಆದರೆ ಲಾರಿಗಳು ಬಂದವು. ಬಸ್ಸಿನ ಕೆಳಗೆ ಇಳಿದು ರಿಪೇರಿ ಮಾಡುವ ಗುಂಡಿಗಳ ಮೇಲೆ ಹಲಗೆ ಹಾಸಿದರು, ಗೋಡೆಗೆ ಸುಣ್ಣ ಬಳಿದರು, ಟೈರು ಇಡುತ್ತಿದ್ದ ಕೋಣೆಯಲ್ಲಿ ಮೈಕ್ರೋಸ್ಕೋಪ್ ಸಾಲಾಗಿ ಇಟ್ಟರು. ಹಳೆಯ ಮೆಕ್ಯಾನಿಕ್ ಒಬ್ಬ ಬೆಂಚಿನ ಮೇಲೆ ಕೂತು, ಮೊದಲು ಬಸ್ಸಿನ ಹೊಟ್ಟೆ ಬಿಚ್ಚುತ್ತಿದ್ದೆವು, ಈಗ ಮನುಷ್ಯರದು ಬಿಚ್ಚುತ್ತಾರೆ, ನಟ್ಟು ಬೋಲ್ಟು ಉಳಿಯದಿದ್ದರೆ ಸಾಕು ಎಂದ.

ತಮಾಷೆಯ ಹಿಂದೆ ಹೆದರಿಕೆಯೂ ಇತ್ತು. ಊರಿನ ಆಸ್ಪತ್ರೆಯನ್ನೇ ಕಾಲೇಜಿನ ಆಸ್ಪತ್ರೆ ಮಾಡಿದ್ದರು. ಅಲ್ಲಿಗೆ ಹೋದರೆ ಹುಡುಗರು ನಮ್ಮ ಮೇಲೆ ಕೈ ಪಳಗಿಸಿಕೊಳ್ಳುತ್ತಾರಂತೆ ಎಂಬ ಮಾತು ಹಬ್ಬಿತು. ಒಳ್ಳೆಯ ಡಾಕ್ಟರುಗಳು ಹನ್ನೊಂದು ಮಂದಿ ಬಂದು ಕೂತಿದ್ದರೂ ಅವರ ಮುಂದಿನ ಬೆಂಚುಗಳು ಖಾಲಿ. ಜನ ಹಳೆಯ ಅಭ್ಯಾಸದಂತೆ ಬಸ್ ಹತ್ತಿ ಆರು ಗಂಟೆ ದೂರಕ್ಕೇ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಗಿರಣಿಯಣ್ಣನ ಅಂಗಡಿಗೆ ಹೆಂಗಸೊಬ್ಬರು ಬಂದರು. ಐವತ್ತೈದರ ಆಸುಪಾಸು, ಗಿಡ್ಡ ಆಳು, ಕತ್ತಿನವರೆಗಿನ ನರೆಗೂದಲು. ಅಂದು ರಜೆಯೆಂದು ಬಂದು ಬೆಂಚಿನ ಮೇಲೆ ಕೂತಿದ್ದ ನಾನೂ ಉಳಿದವರೂ ಸರಿದು ಕೂತೆವು. ಆ ಅಂಗಡಿಯ ಕುರ್ಚಿಯಲ್ಲಿ ಹೆಂಗಸರು ಕೂತದ್ದೇ ಇಲ್ಲ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಕೂದಲು ಕಿವಿಗೆ ಬೀಳಬಾರದು ಅಷ್ಟೇ, ದಿನವಿಡೀ ಕಿವಿಗೆ ಕೆಲಸ ಇರುತ್ತದೆ ಎಂದರು. ಹೊಸ ಕಾಲೇಜಿನ ಡೀನ್ ಅವರೇ ಎಂದು ಆಮೇಲೆ ಗೊತ್ತಾಯಿತು. ಊರು ಅವರನ್ನು ಡೀನಮ್ಮ ಎಂದೇ ಕರೆಯಿತು.

ಕೆಳಗೆ ಬಿದ್ದ ಬಾಚಣಿಗೆ ಎತ್ತಲು ಗಿರಣಿಯಣ್ಣ ಬಗ್ಗಿ ಎದ್ದ. ಎದ್ದವನು ಕುರ್ಚಿಯ ಬೆನ್ನು ಹಿಡಿದು ಎರಡು ಉಸಿರು ನಿಂತ. ಡೀನಮ್ಮ ಕನ್ನಡಿಯಲ್ಲಿ ಅವನ ಕೆನ್ನೆಯ ಕಂದುಗೆಂಪನ್ನು ನೋಡುತ್ತಿದ್ದರು.

"ಮೆಟ್ಟಿಲು ಹತ್ತೋವಾಗ ಎಷ್ಟು ಸಲ ನಿಲ್ತೀರಿ?" ಎಂದು ಕೇಳಿದರು.

"ಮೆಟ್ಟಿಲಿರೋ ಕಡೆ ನಾನು ಹೋಗೋದೇ ಇಲ್ಲ ಮೇಡಂ."

ಕೂದಲು ಕತ್ತರಿಸಿ ಮುಗಿದ ಮೇಲೆ ಅವರು ಎದ್ದು, ಅರ್ಧ ಗಂಟೆ ಬಾಗಿಲು ಹಾಕಿ ನನ್ನ ಜೊತೆ ಬರುತ್ತೀರಾ ಎಂದರು. ಅವನು ನನ್ನ ಮುಖ ನೋಡಿದ. ನಾನು ಹೋಗು ಎಂಬಂತೆ ತಲೆಯಾಡಿಸಿದೆ.

ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ಅವರು ಅವನನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪ್ ಇಟ್ಟು, ಕಣ್ಣು ಮುಚ್ಚಿ ಕೇಳಿದರಂತೆ. ವ್ಯಾನಿನ ಡಾಕ್ಟರು ಕೇಳಿದ್ದಕ್ಕಿಂತ ಹತ್ತು ಪಟ್ಟು ಹೊತ್ತು. ಬಟ್ಟೆ ಕೋಣೆಯಿಂದ ಅವನ ಹೆಂಡತಿಯೂ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಡೀನಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಚಿಕ್ಕಂದಿನ ಆ ಜ್ವರ ಹೃದಯದ ಒಂದು ಕವಾಟವನ್ನು ಬಿಗಿ ಮಾಡಿಬಿಟ್ಟಿದೆ. ಆಗಲೇ ಮೂರು ವಾರಕ್ಕೊಂದು ಇಂಜೆಕ್ಷನ್ ಕೊಡಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಈಗಲೂ ಮಾತ್ರೆಯಿದೆ, ಮುಂದೆ ಬೇಕಾದರೆ ಬಿಗಿಯಾದ ಬಾಗಿಲನ್ನು ಸಡಿಲ ಮಾಡುವ ದಾರಿಯೂ ಇದೆ. ನಲವತ್ತರ ಮಾತನ್ನು ಅವನು ಹೇಳಿದಾಗ ಅವರ ಮುಖ ಸಪ್ಪೆಯಾಯಿತು. ಒಂದು ಪರೀಕ್ಷೆಯನ್ನೂ ಮಾಡದೆ ಹತ್ತು ವರ್ಷದ ಹುಡುಗನಿಗೆ ಯಾರೂ ಹಾಗೆ ಗಡುವು ಕೊಡಬಾರದು ಎಂದರು.

ಬಾಗಿಲಲ್ಲಿದ್ದವಳು ಆಗ ಬಾಯಿ ತೆರೆದಳು.

"ಹಾಗಾದ್ರೆ ನಾವು ಮಕ್ಕಳು ಮಾಡ್ಕೋಬಹುದಿತ್ತಾ?"

ಡೀನಮ್ಮ ಕತ್ತಿನಲ್ಲಿದ್ದ ಸ್ಟೆತಸ್ಕೋಪ್ ತೆಗೆದು ಕೆಳಗಿಟ್ಟರು. ಆಮೇಲೆ ಹೇಳಿದರು, "ಮಾಡ್ಕೋಬಹುದಿತ್ತಮ್ಮ."

ಅವಳು ಸರಿ ಎಂಬಂತೆ ತಲೆಯಾಡಿಸಿ ಬಟ್ಟೆ ಕೋಣೆಗೆ ಹೋದಳು. ಅಂಗಿಯ ಗುಂಡಿ ಹಾಕಿಕೊಂಡು ಇವನು ಹಿಂದೆ ಹೋಗಿ ನೋಡಿದರೆ ಹೊದಿಕೆ ಮಡಚುತ್ತಿದ್ದಳು. ಒಂದೇ ಹೊದಿಕೆಯನ್ನು ಮಡಚಿ, ಕೊಡವಿ, ಮತ್ತೆ ಮಡಚಿ. ಇವನು ಒಂದು ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ಅಂದಿನ ರಾಶಿಯನ್ನೆಲ್ಲ ಮಡಚಿ ಮುಗಿಸಿದರು. ಅಂಗಡಿ ಸಂಜೆಯವರೆಗೂ ತೆರೆಯಲಿಲ್ಲ.

ಡೀನಮ್ಮ ಅಂದೇ ಇನ್ನೊಂದು ಮಾತನ್ನೂ ಕೇಳಿದ್ದರು. ನಿಮ್ಮ ಎದೆಯ ಸದ್ದನ್ನು ನಮ್ಮ ವಿದ್ಯಾರ್ಥಿಗಳು ಕೇಳಬೇಕು, ಪುಸ್ತಕದಲ್ಲಿ ಓದಿದರೆ ಅದು ತಿಳಿಯುವಂಥದ್ದಲ್ಲ. ನಿಮಗೆ ಮನಸ್ಸಿದ್ದರೆ ಬನ್ನಿ, ಇಲ್ಲದಿದ್ದರೂ ಔಷಧಿ ಸಿಗುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಿದ್ದರು. ಇವನಿಗೆ ಮನಸ್ಸಿರಲಿಲ್ಲ. ಶಾಲೆಯ ಹುಡುಗರು ಕಿವಿಯಿಟ್ಟದ್ದೇ ಸಾಕಾಗಿತ್ತು. ಎರಡು ದಿನ ಮನೆಯಲ್ಲಿ ಮಾತುಕತೆ ಅಷ್ಟಕ್ಕಷ್ಟೆ. ಮೂರನೆಯ ದಿನ ಅವನ ಹೆಂಡತಿ ಊಟಕ್ಕೆ ಬಡಿಸುತ್ತಾ ಹೇಳಿದಳಂತೆ: "ಇನ್ನೊಂದು ಮನೇಲಿ ಇನ್ನೊಬ್ಬ ಅಪ್ಪನಿಗೆ ಯಾರೂ ಆ ಥರ ಹೇಳಬಾರದು ನೋಡಿ. ಆ ಮಕ್ಕಳು ಬಂದು ಕೇಳಲಿ. ಸರಿಯಾಗಿ ಕೇಳಿಸ್ಕೊಳ್ಳಲಿ."

ಮಾರನೆಯ ವಾರ ಅವನು ರಸ್ತೆ ದಾಟಿ ಶೆಡ್ಡಿಗೆ ಹೋದ. ನಾನೂ ಜೊತೆಗಿದ್ದೆ, ನನ್ನ ಹಳೆಯ ಡಿಪೋ, ಯಾರೂ ತಡೆಯಲಿಲ್ಲ. ತಗಡಿನ ಸೂರಿನ ಕೆಳಗೆ ಮೊದಲ ಬ್ಯಾಚಿನ ಐವತ್ತು ಮಂದಿ, ಹೊಸ ಬಿಳಿ ಕೋಟುಗಳ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಅವನನ್ನು ಒಂದು ಮಂಚದ ಮೇಲೆ ಮಲಗಿಸಿ ಸುತ್ತಲೂ ಮರೆ ಕಟ್ಟಿದರು. ಮೊದಲನೆಯ ಹುಡುಗ ಸ್ಟೆತಸ್ಕೋಪನ್ನು ಎದೆಗೆ ಒತ್ತಿದ್ದೇ ಗಿರಣಿಯಣ್ಣ ಮೆಟ್ಟಿಬಿದ್ದ. ಮಂಜುಗಡ್ಡೆ ಇಟ್ಟ ಹಾಗಿತ್ತಂತೆ.

ಅವನು ಎದ್ದು ಕೂತ. "ಒಂದ್ನಿಮಿಷ ತಮ್ಮಾ. ನಾನು ದಿನಾ ಗಿರಾಕಿ ಕತ್ತಿಗೆ ಕತ್ತಿ ಇಡೋನು. ಕತ್ತಿ ಇಡೋ ಮೊದಲು ಬರೀ ಕೈ ಇಡ್ತೀನಿ. ಈ ಕೈಯಿಂದ ತೊಂದರೆ ಇಲ್ಲ ಅಂತ ಅನ್ನಿಸಿದ ಮೇಲೆ ಅವನೇ ಕಣ್ಣು ಮುಚ್ತಾನೆ. ನೀನೂ ಅದನ್ನ ಅಂಗೈಲಿ ಬೆಚ್ಚಗೆ ಮಾಡ್ಕೊ. ನನ್ನ ಹೆಸರೇನು ಕೇಳು. ಆಮೇಲೆ ಇಡು."

ಹುಡುಗನ ಕಿವಿ ಕೆಂಪಾಯಿತು. ಹಿಂದೆ ನಿಂತಿದ್ದ ಡೀನಮ್ಮ ಇದನ್ನು ಬರೆದುಕೊಳ್ಳಿ ಎಂದರು. ಐವತ್ತು ಪೆನ್ನುಗಳೂ ಓಡಿದವು. ಜೀವಮಾನದಲ್ಲಿ ತನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು ಎಂದು ಅವನು ಆಮೇಲೆ ನನಗೆ ಹೇಳಿದ.

ಅಲ್ಲಿಂದ ವಾರಕ್ಕೆರಡು ಮಧ್ಯಾಹ್ನ ಅವನದು ಅದೇ ಕೆಲಸ. ಆ ಐವತ್ತರಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿಯಿದ್ದಳು; ಗುಡ್ಡದ ಮೇಲಿನ ಹಳ್ಳಿಯವಳು, ತಾಯಿ ರಸ್ತೆ ಕೆಲಸಕ್ಕೆ ಜಲ್ಲಿ ಹೊರುವವಳು. ಎಲ್ಲರಿಗೂ ಕೇಳಿಸಿದ ಸದ್ದು ಅವಳಿಗೆ ಮೂರು ವಾರವಾದರೂ ಕೇಳಿಸಲಿಲ್ಲ. ಕೇಳಿಸಿತು ಎಂದು ಸುಳ್ಳು ಹೇಳುವುದು ಸುಲಭವಿತ್ತು, ಅವಳು ಹೇಳಲಿಲ್ಲ. ಗೋಡೆಯ ಹಿಂದೆ ನಿಂತು ಅಳುತ್ತಿದ್ದಳು. ಗಿರಣಿಯಣ್ಣ ಅವಳನ್ನು ಅಂಗಡಿಗೆ ಕರೆದ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಂದು ಅವಳು ಕೇಳುವುದು, ಇಲ್ಲ ಅಣ್ಣ ಎನ್ನುವುದು. ಇವನು ಬೆಂಚಿನ ಮೇಲೆ ಎಡಕ್ಕೆ ಹೊರಳಿ ಮಲಗಿ, ನನಗೆ ಆತುರವಿಲ್ಲ, ಗಿರಣಿ ಎಲ್ಲಿಗೂ ಹೋಗುವುದಿಲ್ಲ ಎನ್ನುವುದು. ಒಂದು ದಿನ ಅವಳ ಮುಖ ಇದ್ದಕ್ಕಿದ್ದಂತೆ ಬದಲಾಯಿತು. ಉಸಿರು ಬಿಗಿಹಿಡಿದು ಇನ್ನೂ ಒಂದು ನಿಮಿಷ ಕೇಳಿದಳು. ದೂರದಲ್ಲಿ ಲಾರಿ ಏರು ಹತ್ತಿದ ಹಾಗಿದೆ ಎಂದಳು. ಅವತ್ತು ನಾನೇ ಹೋಗಿ ಎಲ್ಲರಿಗೂ ಚಹಾ ತಂದೆ.

ಊರಿನವರು ಇದನ್ನೆಲ್ಲ ಕನ್ನಡಿಯಲ್ಲಿ ನೋಡುತ್ತಿದ್ದರು. ಕೈ ಪಳಗಿಸಿಕೊಳ್ಳುತ್ತಾರೆ ಎಂದು ಯಾರಾದರೂ ಗೊಣಗಿದರೆ ಗಿರಣಿಯಣ್ಣ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತಾ, ನನ್ನ ಕೈ ಯಾರ ತಲೆಯ ಮೇಲೆ ಪಳಗಿತು ಅಂದುಕೊಂಡಿದ್ದೀರಿ, ನಿಮ್ಮ ಅಪ್ಪನ ತಲೆಯ ಮೇಲೆಯೇ, ಅವರಿಗೇನಾದರೂ ಕಿವಿ ಕಡಿಮೆಯಿತ್ತೇ ಎಂದು ಕೇಳುತ್ತಿದ್ದ. ಎರಡನೆಯ ವರ್ಷ ಪರಿಶೀಲನೆಗೆಂದು ಬಂದ ತಂಡದವರು, ಇಷ್ಟು ಕಡಿಮೆ ರೋಗಿಗಳಿರುವ ಕಡೆ ಕಾಲೇಜು ನಡೆಸಲು ಆಗುವುದಿಲ್ಲ, ಇನ್ನು ಆರು ತಿಂಗಳು ನೋಡುತ್ತೇವೆ ಎಂದು ಹೇಳಿಹೋದರು. ರೋಗಿಗಳೆಂದು ಯಾರನ್ನಾದರೂ ಕರೆತಂದು ಹಾಸಿಗೆಯ ಮೇಲೆ ಮಲಗಿಸಿಬಿಡಿ ಎಂದು ಕೆಲವರು ಡೀನಮ್ಮನಿಗೆ ಬುದ್ಧಿ ಹೇಳಿದರು. ಅವರು ಕೇಳಲಿಲ್ಲ. ಗಿರಣಿಯಣ್ಣ ಆ ಸಂಜೆ ನನ್ನನ್ನು ಹಿಡಿದ. ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿ ಹೋಗುತ್ತಾರಲ್ಲ, ಅವರನ್ನು ಇಲ್ಲೇ ಇಳಿಸಿದರೆ ಆಗುವುದಿಲ್ಲವೇ ಎಂದ. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ನಾನು ಡಿಪೋದ ಕಂಡಕ್ಟರುಗಳಿಗೆಲ್ಲ ಹೇಳಿದೆ. ಮಗುವನ್ನು ಹೊದ್ದಿಸಿಕೊಂಡು ಹತ್ತಿದವರನ್ನು, ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡವರನ್ನು ಕಂಡರೆ, ಮೊದಲು ಇಲ್ಲಿ ತೋರಿಸಿ, ಆಗದಿದ್ದರೆ ಮುಂದಿನ ಬಸ್ಸಿಗೆ ನಾನೇ ಸೀಟು ಹಿಡಿದುಕೊಡುತ್ತೇನೆ ಎಂದು ಹೇಳುವುದು. ಹಾಗೆ ಇಳಿದವರಲ್ಲಿ ಮುಂದಿನ ಬಸ್ಸಿಗೆ ಬಂದವರು ಬಹಳ ಕಡಿಮೆ. ಆರು ತಿಂಗಳಿಗೆ ಹಾಸಿಗೆ ಸಾಲದೆ ವರಾಂಡದಲ್ಲಿ ಚಾಪೆ ಹಾಸಿದರು. ಕಾಲೇಜು ಉಳಿಯಿತು.

ನಾಲ್ಕನೆಯ ವರ್ಷ ಹೊಸ ಕಟ್ಟಡ ಎದ್ದಿತು, ಹೃದಯದ ವಿಭಾಗಕ್ಕೆ ಯಂತ್ರಗಳು ಬಂದವು. ಅಷ್ಟರಲ್ಲಿ ಗಿರಣಿಯಣ್ಣನ ಉಸಿರು ಇನ್ನೂ ಗಿಡ್ಡವಾಗಿತ್ತು. ಒಂದು ತಲೆ ಮುಗಿಸಿ ಕೂರುವುದು, ಇನ್ನೊಂದು ತಲೆಗೆ ಏಳುವುದು. ಡೀನಮ್ಮ ಪರೀಕ್ಷೆ ಮಾಡಿಸಿ, ಬಾಗಿಲು ಸಡಿಲಿಸುವ ಕಾಲ ಬಂತು, ಎದೆ ಕೊಯ್ಯುವುದಿಲ್ಲ, ತೊಡೆಯ ರಕ್ತನಾಳದಿಂದ ಒಂದು ಕೊಳವೆ ಕಳಿಸಿ ಒಳಗೆ ಸಣ್ಣ ಬಲೂನು ಉಬ್ಬಿಸುತ್ತಾರೆ ಎಂದರು. ಇವನು ನೋಡೋಣ ಎಂದ. ತಿಂಗಳು ಕಳೆದರೂ ನೋಡೋಣ ಎಂದೇ ಹೇಳುತ್ತಿದ್ದ. ಹೆದರಿಕೆ ಇರಬೇಕು ಎಂದುಕೊಂಡು ನಾನು ಧೈರ್ಯ ಹೇಳಲು ಹೋದರೆ ಅವನು ತಲೆಯಾಡಿಸಿದ.

"ಹೆದರಿಕೆ ಅಲ್ಲ ಕಂಡಕ್ಟ್ರೇ. ಈ ಸದ್ದಿನಿಂದ ನನಗೆ ಆಗಿದ್ದೆಲ್ಲ ನಷ್ಟಾನೇ. ಈಗ ನಾಲ್ಕು ವರ್ಷದಿಂದ ಇದಕ್ಕೊಂದು ಬೆಲೆ ಬಂದಿದೆ. ಇದೂ ಹೋದ್ರೆ ಆ ಮಕ್ಕಳು ನನ್ನನ್ನ ಯಾಕೆ ಕರೀತಾರೆ?"

ನಾನು ಹೋಗಿ ಇದನ್ನು ಕನ್ನಡಕದ ಹುಡುಗಿಗೆ ಹೇಳಿದೆ. ಅವಳು ಮರುದಿನ ಬಂದು ಖಾಲಿ ಕುರ್ಚಿಯಲ್ಲಿ ಕೂತು, ಅವನು ಕೈಯಲ್ಲಿದ್ದ ಗಿರಾಕಿಯನ್ನು ಮುಗಿಸುವವರೆಗೆ ಕಾದಳು.

"ಅಣ್ಣ, ಮೂರು ವಾರ ನನಗೆ ನಿಮ್ಮ ಎದೆ ಸದ್ದು ಕೇಳಿಸ್ಲಿಲ್ಲ. ಈಗ ಬಾಗಿಲಲ್ಲಿ ನಿಂತ್ರೇ ನಿಮ್ಮ ಉಸಿರು ಕೇಳಿಸುತ್ತೆ. ಇದನ್ನ ಕೇಳ್ಕೊಂಡು ಸುಮ್ಮನೆ ಇರೋದಕ್ಕೆ ನಾನು ಡಾಕ್ಟರ್ ಓದಬೇಕಿತ್ತಾ?"

ಅವನು ಬಟ್ಟೆ ಕೊಡವುತ್ತಾ ನಿಂತ. ಕೊಡವಿ ಮುಗಿದ ಮೇಲೂ ಕೊಡವುತ್ತಲೇ ಇದ್ದ. ಅಂದು ಸಂಜೆ ಮನೆಗೆ ಹೋದರೆ ಹೆಂಡತಿ ಎರಡು ಜೊತೆ ಬಟ್ಟೆ, ಲೋಟ, ಟವೆಲ್ಲು ಚೀಲಕ್ಕೆ ತುಂಬಿಟ್ಟಿದ್ದಳು. ಕೇಳುವ ಗೋಜಿಗೂ ಹೋಗಿರಲಿಲ್ಲ.

ಆ ದಿನ ಬೆಳಿಗ್ಗೆ ವಾರ್ಡಿನಲ್ಲಿ ತೊಡೆಯ ಮೇಲಿನ ಕೂದಲು ತೆಗೆಯಲು ಬಂದವನಿಗೆ ಇವನೇ ಪಾಠ ಹೇಳಿದನಂತೆ. ಅಡ್ಡಕ್ಕೆ ಎಳೆಯಬೇಡ, ಚರ್ಮ ಬಿಗಿಹಿಡಿ, ಕೂದಲು ಮಲಗಿದ ಕಡೆಗೆ ಎಳೆ. ಆಮೇಲೆ ಬ್ಲೇಡು ಕಸಿದುಕೊಂಡು ತಾನೇ ಮಾಡಿಕೊಂಡ. ಒಳಗೆ ಅವನಿಗೆ ಪೂರ್ತಿ ಎಚ್ಚರವಿತ್ತು. ತಲೆಯ ಹತ್ತಿರ ಕನ್ನಡಕದ ಹುಡುಗಿ ನಿಂತಿದ್ದಳು. ಬಲೂನು ಉಬ್ಬಿದ ಕ್ಷಣ ಎದೆ ಒಂದು ಸಲ ತಪ್ಪಿದ ಹಾಗಾಗಿ, ಮರುಕ್ಷಣ ಯಾರೋ ಕಿಟಕಿ ತೆರೆದ ಹಾಗಾಯಿತು ಎಂದು ಅವನು ಹೇಳುತ್ತಾನೆ. ಹೊರಗೆ ಅವನ ಹೆಂಡತಿ ಬೆಂಚಿನ ಮೇಲೆ ಕೂತು ಆಸ್ಪತ್ರೆಯದೇ ಒಂದು ದಿಂಬಿನ ಚೀಲ ಹೊಲಿಯುತ್ತಿದ್ದಳು. ಸಂಜೆ ಮಂಚದ ಪಕ್ಕಕ್ಕೆ ಬಂದು, ನರ್ಸು ಆ ಕಡೆ ತಿರುಗಿದಾಗ ಬಗ್ಗಿ ಎದೆಗೆ ಕಿವಿಯಿಟ್ಟಳು. ಸದ್ದು ಪೂರ್ತಿ ಹೋಗಿರಲಿಲ್ಲ; ಪಕ್ಕದ ಮನೆಯವರ ಮಾತಿನ ಹಾಗೆ ಇತ್ತಂತೆ. ಅವಳು ಅಲ್ಲೇ ಹಾಗೇ ಬಗ್ಗಿ ಅತ್ತಳು. ಹನ್ನೆರಡು ವರ್ಷದಲ್ಲಿ ಅವಳು ಅತ್ತದ್ದನ್ನು ತಾನು ಕಂಡದ್ದು ಅದೊಂದೇ ಸಲ ಎಂದ.

ಅವನ ಭಯ ಅರ್ಧ ನಿಜವಾಯಿತು. ಹೊಸ ಬ್ಯಾಚಿನ ಮಕ್ಕಳು ಸ್ಟೆತಸ್ಕೋಪ್ ಇಟ್ಟು ಮುಖ ಮುಖ ನೋಡಿಕೊಂಡರು. ಕಲಿಯಲು ಈಗ ಬೇರೆ ಎದೆಗಳಿದ್ದವು, ವಾರ್ಡು ತುಂಬ. ಎರಡು ತಿಂಗಳು ಯಾರೂ ಕರೆಯಲಿಲ್ಲ. ಅವನು ಮಧ್ಯಾಹ್ನಗಳಲ್ಲಿ ರಸ್ತೆಯ ಆಚೆ ನೋಡುತ್ತಾ ಕೂರುತ್ತಿದ್ದ. ಆಮೇಲೆ ಡೀನಮ್ಮ ಕೂದಲು ಕತ್ತರಿಸಿಕೊಳ್ಳಲು ಬಂದವರು, ಕನ್ನಡಿಯಲ್ಲೇ ಅವನನ್ನು ತರಾಟೆಗೆ ತೆಗೆದುಕೊಂಡರು. ಯಾಕೆ ಬರುವುದು ಬಿಟ್ಟಿರಿ, ನಾನು ಕರೆಯಬೇಕಿತ್ತೇ, ಸದ್ದು ಕೇಳಿಸುವುದನ್ನು ನಾವು ಯಾರು ಬೇಕಾದರೂ ಕಲಿಸುತ್ತೇವೆ, ಮನುಷ್ಯರನ್ನು ಮುಟ್ಟುವುದನ್ನು ಕಲಿಸಲು ನಮಗೆ ಬರುವುದಿಲ್ಲ ಎಂದರು. ಹಾಗೆ ಪ್ರತಿ ವರ್ಷ ಹೊಸ ಮಕ್ಕಳ ಮೊದಲ ವಾರದಲ್ಲಿ ಒಂದು ದಿನ ಅವನ ಪಾಠವಾಯಿತು. ಅವನು ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬರ ಕೈಯಿಂದ ತಲೆ ಹಿಡಿಸಿ, ಗಲ್ಲ ಎತ್ತಿಸಿ, ಕತ್ತು ತಿರುಗಿಸಿ ತೋರಿಸುತ್ತಾನೆ. ಹೆದರಿದವರ ಹೆಗಲು ಹೇಗಿರುತ್ತದೆ, ನಂಬಿದವರದು ಹೇಗೆ ಇಳಿಯುತ್ತದೆ ಎಂದು.

ಇವರೆಲ್ಲ ನಿಮ್ಮ ಮಕ್ಕಳೇ ಬಿಡಿ ಎಂದು ಯಾರೋ ಒಮ್ಮೆ ಅವನ ಹೆಂಡತಿಗೆ ಹೇಳಿದರು. ಅವಳು ಸೂಜಿಗೆ ದಾರ ಪೋಣಿಸುತ್ತಾ, ಅಲ್ಲ, ಇವರು ಓದೋಕೆ ಬಂದ ಮಕ್ಕಳು, ಆಗದ್ದು ಆಗಲಿಲ್ಲ ಅಷ್ಟೆ ಎಂದಳು. ದಾರದ ತುದಿಗೆ ಗಂಟು ಹಾಕಿ, ಆ ಉದ್ದನೆಯ ಹುಡುಗನ ಕೋಟಿನ ಜೇಬು ಹರಿದಿದೆ, ಕಳಿಸಿ ಎಂದಳು.

ಮೊದಲ ಬ್ಯಾಚು ಓದು ಮುಗಿಸಿತು. ಕನ್ನಡಕದ ಹುಡುಗಿ ಗುಡ್ಡದ ಮೇಲಿನ ಆರೋಗ್ಯ ಕೇಂದ್ರವನ್ನೇ ಕೇಳಿ ಹಾಕಿಸಿಕೊಂಡಳು. ಹೋಗಿ ಒಂದು ತಿಂಗಳಿಗೆ ಅಂಗಡಿಗೆ ಬಂದು, ಅಲ್ಲಿಯ ವಯಸ್ಸಾದ ಗಂಡಸರು ಯಾರೂ ಒಳಗೆ ಕಾಲಿಡುವುದಿಲ್ಲ, ನನ್ನನ್ನು ಕೂಸಾಗಿದ್ದಾಗಿನಿಂದ ನೋಡಿದವರು, ನನ್ನ ಮುಂದೆ ಅಂಗಿ ಬಿಚ್ಚಲು ನಾಚಿಕೆ ಎಂದು ಅಲವತ್ತುಕೊಂಡಳು. ಆಗ ಅವರಿಬ್ಬರೂ ಸೇರಿ ಒಂದು ಏರ್ಪಾಡು ಮಾಡಿದರು. ತಿಂಗಳಿಗೊಮ್ಮೆ, ಅಂಗಡಿಯ ವಾರದ ರಜೆಯ ದಿನ, ಗಿರಣಿಯಣ್ಣ ಕತ್ತರಿ ಬಾಚಣಿಗೆಯ ಪೆಟ್ಟಿಗೆ ಹಿಡಿದು ಬೆಳಗಿನ ಬಸ್ಸು ಹತ್ತುತ್ತಾನೆ. ರಿಟೈರ್ ಆದ ಮೇಲೆ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನಾನೂ ಜೊತೆಗೆ. ಕೇಂದ್ರದ ಮುಂದಿನ ಮರದ ಕೆಳಗೆ ಕುರ್ಚಿ ಹಾಕಿ ಅವನು ಗಡ್ಡ ಮೀಸೆ ನೋಡಿಕೊಳ್ಳುತ್ತಾನೆ, ಮಾತಾಡಿಸುತ್ತಾನೆ, ಗಂಟು, ಊತ ಏನಾದರೂ ಕೈಗೆ ಸಿಕ್ಕಿದರೆ ಅವರನ್ನು ಒಳಗೆ ಕಳಿಸುತ್ತಾನೆ.

ಹೋದ ತಿಂಗಳು ಕುರಿ ಕಾಯುವ ಒಬ್ಬ ಮುದುಕ ಬಂದ. ಅರ್ಧ ಗಡ್ಡ ತೆಗೆಯುವಷ್ಟರಲ್ಲಿ ಗಿರಣಿಯಣ್ಣನ ಬೆರಳು ದವಡೆಯ ಕೆಳಗೆ ನಿಂತಿತು. ಅಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಎಷ್ಟು ದಿನದಿಂದ ಎಂದರೆ ಲೆಕ್ಕವಿಟ್ಟವರು ಯಾರು ಎಂದ ಮುದುಕ. ಒಳಗೆ ಹೋಗುವ ಮಾತೆತ್ತಿದ್ದೇ ಎದ್ದುಹೋಗಲು ನೋಡಿದ. ಅರ್ಧ ಗಡ್ಡದಲ್ಲಿ ಎಲ್ಲಿಗೆ ಹೋಗುತ್ತೀರಿ, ಕುರಿಗಳು ಗುರುತು ಹಿಡಿಯುವುದಿಲ್ಲ ಎಂದು ಗಿರಣಿಯಣ್ಣ ಅವನ ಕತ್ತಿನ ಬಟ್ಟೆಯನ್ನೂ ಬಿಚ್ಚದೆ, ಹೆಗಲ ಮೇಲೆ ಕೈಯಿಟ್ಟು ನಡೆಸಿಕೊಂಡು ಹೋದ. ನಾನು ಬಾಗಿಲವರೆಗೆ ಹೋದೆ. ಹುಡುಗಿ ಎದ್ದು ಬಂದು, ಅಜ್ಜ ಎಂದು ಕರೆದು ಕೂರಿಸಿ, ಬಾಯಿ ತೆರೆಸಿ, ಗಲ್ಲದ ಕೆಳಗೆಲ್ಲ ಮೆಲ್ಲಗೆ ಒತ್ತಿ ನೋಡಿದಳು. ಹುಳುಕು ಹಲ್ಲಿನ ಕೀವು ಇಳಿದಿರಬೇಕು, ಆದರೂ ಎರಡು ವಾರಕ್ಕೆ ಗಂಟು ಕರಗದಿದ್ದರೆ ಕೆಳಗೆ ಕಾಲೇಜಿಗೆ ಹೋಗಿ ಪರೀಕ್ಷೆ ಮಾಡಿಸಲೇಬೇಕು ಎಂದಳು.

ಮುದುಕ ಹೊರಗೆ ಬಂದು ಮತ್ತೆ ಕುರ್ಚಿಯಲ್ಲಿ ಕೂತ. ಉಳಿದರ್ಧ ಗಡ್ಡಕ್ಕೆ ನೊರೆ ಹಚ್ಚುವಾಗ ಕೇಳಿದ, "ಆ ಹುಡುಗಿ ನಿಮಗೆ ಏನಾಗ್ಬೇಕು?"

ಗಿರಣಿಯಣ್ಣ ಬ್ರಶ್ ಬಟ್ಟಲಿಗೆ ಅದ್ದಿ ಇನ್ನೊಂದು ಸುತ್ತು ನೊರೆ ಹಚ್ಚಿದ.

"ನಮ್ಮ ಡಾಕ್ಟ್ರು" ಎಂದ. ಮುದುಕನ ಗಲ್ಲ ಹಿಡಿದು ಮೆಲ್ಲಗೆ ಬೆಳಕಿನ ಕಡೆಗೆ ತಿರುಗಿಸಿದ. ಮರದ ಕೆಳಗಿನ ಬೆಂಚಿನ ಮೇಲೆ ಇನ್ನೂ ನಾಲ್ಕು ಮಂದಿ ಕಾಯುತ್ತಿದ್ದರು.